ಊದದ ಸೀಟಿ

ತೊಂಬತ್ತೈದರ ದೀಪಾವಳಿಗೆ ಸೂರ್ಯಗ್ರಹಣ ಬರುವುದಿತ್ತು. ಅದಕ್ಕೆ ಮೊದಲು ಮಸ್ಕಿಯಲ್ಲಿ ಶಿಕ್ಷಕರಿಗೆ ಮೂರು ದಿನದ ಬಾಹ್ಯಾಕಾಶ ಶಿಬಿರ ನಡೆಯಿತು. ಮಾಡಿ ಕಲಿಯುವ ಶಿಬಿರ; ಭಾಷಣ ಕಡಿಮೆ, ಕೈಗೆ ಅಂಟು ಜಾಸ್ತಿ. ಕಲಿಸುವವನು ನಾನು. ಲಾಟೀನು ಸೂರ್ಯ, ಲಿಂಬೆಹಣ್ಣು ಚಂದ್ರ. ಭೂಮಿಯಾಗಿ ನಿಂತವರು ಗುರುಗುಂಟಾದ ಹಿರಿಯ ಮಾಸ್ತರರೊಬ್ಬರು. ಲಿಂಬೆಯ ನೆರಳು ಅವರ ಬೋಳು ತಲೆಯ ಮೇಲೆ ಬಹಳ ಸ್ಪಷ್ಟವಾಗಿ ಬೀಳುತ್ತಿತ್ತು.

"ಸರ, ಭೂಮಿಗೆ ಜಲ್ದಿ ಚಾ ಕೊಡಸ್ರಿ," ಎಂದರು ಅವರು. "ತಿರುಗಿ ತಿರುಗಿ ತಲಿ ಗಿರ್ ಅನ್ನಾಕತ್ತೈತಿ."

ಎಲ್ಲರೂ ನಕ್ಕರು. ನಗು ಇಳಿದ ಮೇಲೆ ಅವರೇ ಕೇಳಿದರು: "ಎಂಬತ್ತರಾಗ ನಮ್ಮ ಕಡೆ ಖಗ್ರಾಸ ಆತಲ್ಲ, ನಾವೆಲ್ಲ ಬಾಗಲಾ ಹಾಕ್ಕೊಂಡು ಒಳಗ ಕುಂತಿದ್ವಿ. ನೀವು ಹುಡುಗರನ್ನ ಬಯಲಾಗ ನಿಲ್ಲಿಸಿದ್ರಂತ. ಹೆಂಗಿತ್ರಿ ಅದು?"

ಈ ಪ್ರಶ್ನೆ ನನಗೆ ಹೊಸದಲ್ಲ. ಉತ್ತರವೂ ಹೊಸದಲ್ಲ. ಕಪ್ಪು ಬಿಲ್ಲೆ, ಸುತ್ತಲೂ ಬೆಳ್ಳಿಯ ಎಳೆಗಳು, ಕೊನೆಗೆ ಉಂಗುರದ ಹರಳಿನಂತೆ ಒಂದು ಮಿನುಗು ಎಂದು ಹದಿನೈದು ವರ್ಷದಿಂದ ಹೇಳುತ್ತ ಬಂದದ್ದನ್ನೇ ಹೇಳಿದೆ. ಹೇಳುತ್ತ ಮೂರನೆಯ ಸಾಲಿನ ಕಡೆ ನೋಡದಂತೆ ಎಚ್ಚರ ವಹಿಸಿದೆ. ಅಲ್ಲಿ ಲಿಂಗಸುಗೂರು ತಾಲ್ಲೂಕಿನ ಶಿಕ್ಷಕಿಯೊಬ್ಬಳು ಬರೆದುಕೊಳ್ಳುತ್ತಿದ್ದಳು. ಎಂಬತ್ತರಲ್ಲಿ ಅವಳು ನನ್ನ ಏಳನೆಯ ತರಗತಿಯ ಹುಡುಗಿ. ಹಾಜರಿ ಪಟ್ಟಿಯಲ್ಲಿ ಅವಳ ಹೆಸರನ್ನು ಮೊದಲ ದಿನವೇ ಕಂಡಿದ್ದೆ.

ನನ್ನದು ಹುಟ್ಟಾ ಚಿಂತೆಯ ಸ್ವಭಾವ. ಬಸ್ಸು ಹತ್ತಿದರೆ ಮನೆಗೆ ಕೀಲಿ ಹಾಕಿದೆನೋ ಇಲ್ಲವೋ ಎನ್ನುವ ಚಿಂತೆ. ಇಳಿದರೆ, ಹತ್ತಿದ್ದು ಸರಿಯಾದ ಬಸ್ಸೇ ಆಗಿತ್ತೋ ಎನ್ನುವ ಚಿಂತೆ. ಇಂಥವನನ್ನು ಎಂಬತ್ತರಲ್ಲಿ ಲಿಂಗಸುಗೂರಿನ ಮೊದಲ ಶಿಬಿರಕ್ಕೆ ಕಳಿಸಿದ್ದರು. ಆಗ ನಾನು ಸಿಂಧನೂರಿನ ಹತ್ತಿರದ ಒಂದು ಕಾಲುವೆ ಊರಿನಲ್ಲಿ ಹೊಸ ಮಾಸ್ತರ. ತಗಡಿನ ಡಬ್ಬಿಯ ತಳಕ್ಕೆ ಮೊಳೆಯಿಂದ ಸಣ್ಣ ತೂತು ಮಾಡಿ, ಸೂರ್ಯನಿಗೆ ಬೆನ್ನು ಕೊಟ್ಟು ನಿಂತು, ಕಾಗದದ ಮೇಲೆ ಬೀಳುವ ಬೆಳಕಿನ ಬಿಲ್ಲೆಯನ್ನು ನೋಡುವುದು ಕಲಿತೆ. ಕಲಿಸಿದವರು ಎರಡು ಮಾತು ಹೇಳಿದ್ದರು. ಬಿಲ್ಲೆ ಕೂದಲೆಳೆಯಷ್ಟು ಉಳಿದಿದ್ದರೂ ಸೂರ್ಯನನ್ನು ನೋಡಬಾರದು, ಕಣ್ಣು ಹೋಗುತ್ತದೆ. ಪೂರ್ತಿ ಮುಚ್ಚಿದ ಎರಡು ಚಿಲ್ಲರೆ ನಿಮಿಷ ಮಾತ್ರ ಬರಿಗಣ್ಣಿಂದ ನೋಡಬಹುದು, ನೋಡಲೇಬೇಕು. ಜನ್ಮಕ್ಕೊಮ್ಮೆ ಸಿಗುವುದು ಅಷ್ಟೇ. ಮೊದಲನೆಯ ಮಾತಿನ ಕೆಳಗೆ ನಾನು ಮೂರು ಗೆರೆ ಎಳೆದುಕೊಂಡೆ. ಎರಡನೆಯದನ್ನು ಅಂಚಿನಲ್ಲಿ ಸಣ್ಣಗೆ ಬರೆದುಕೊಂಡೆ.

ಊರಿಗೆ ಬಂದು ನಾನೊಂದು ವ್ಯವಸ್ಥೆ ಮಾಡಿದೆ. ನಮ್ಮ ಶಾಲೆಯ ಮಕ್ಕಳು ಡ್ರಿಲ್ಲಿನ ಸೀಟಿಗೆ ಪಳಗಿದವರು. ಒಂದು ಸೀಟಿ ಊದಿದರೆ ತಲೆ ಎತ್ತಿ ನೋಡಬೇಕು, ಎರಡು ಊದಿದರೆ ಇಳಿಸಬೇಕು. ಊದದೆ ಯಾರೂ ತಲೆ ಎತ್ತುವಂತಿಲ್ಲ. ದಿನಾ ಪ್ರಾರ್ಥನೆ ಮುಗಿದ ಮೇಲೆ ತಾಲೀಮು. ಸುಮ್ಮನೆ ತಲೆ ಎತ್ತಿದವರನ್ನು ಬಿಸಿಲಲ್ಲಿ ನಿಲ್ಲಿಸಿದೆ. ಎರಡೇ ವಾರದಲ್ಲಿ ಕಾಗೆ ಹಾರಿದರೂ ಮೇಲೆ ನೋಡದಂಥ ಮಕ್ಕಳು ತಯಾರಾದರು. ನನಗೆ ಹೆಮ್ಮೆಯಾಯಿತು.

ಗ್ರಹಣದ ಮಧ್ಯಾಹ್ನ ಊರೆಲ್ಲ ಬಾಗಿಲು ಹಾಕಿತ್ತು. ಒಂಬತ್ತು ಮಕ್ಕಳು ಮನೆಯವರ ಕಣ್ಣು ತಪ್ಪಿಸಿ ಬಂದಿದ್ದರು. ಕಾಗದದ ಮೇಲೆ ಬಿಲ್ಲೆ ಕುಡುಗೋಲಾಯಿತು, ಉಗುರಾಯಿತು, ಎಳೆಯಾಯಿತು, ಇಲ್ಲವಾಯಿತು. ಕಾಲುವೆಯ ಕಡೆಯಿಂದ ತಣ್ಣನೆಯ ಗಾಳಿ ಬಂತು. ಗದ್ದೆಯ ಕೊಕ್ಕರೆಗಳು ಸಾಲಾಗಿ ಜಾಲಿಯ ಕಡೆ ಹಾರಿದವು. ಎದುರಿಗೆ ನಿಂತ ಮಕ್ಕಳ ಮುಖ ಕಾಣದಾಯಿತು. ಸೀಟಿ ನನ್ನ ಬಾಯಲ್ಲೇ ಇತ್ತು.

ಪೂರ್ತಿ ಮುಚ್ಚಿದೆಯೋ, ಎಳೆಯಷ್ಟು ಉಳಿದಿದೆಯೋ? ತಿಳಿಯಬೇಕಾದರೆ ನಾನು ಮೇಲೆ ನೋಡಬೇಕು. ನೋಡಬೇಕಾದರೆ ಪೂರ್ತಿ ಮುಚ್ಚಿದೆ ಎಂದು ಮೊದಲು ತಿಳಿದಿರಬೇಕು. ಒಂಬತ್ತು ಜೊತೆ ಕಣ್ಣು, ಒಂಬತ್ತು ಮಂದಿ ಅಪ್ಪಂದಿರು. ನಾನು ಕೈಗಡಿಯಾರವನ್ನು ಮುಖದ ಹತ್ತಿರ ಹಿಡಿದು ನೋಡುತ್ತ ನಿಂತುಬಿಟ್ಟೆ. ಮುಳ್ಳು ಹೊಳೆಯುತ್ತಿತ್ತು.

"ಸರ್, ಮುಚ್ಚೈತ್ರಿ," ಎಂದಳು ಪಕ್ಕದಲ್ಲಿದ್ದ ಏಳನೆಯ ತರಗತಿಯ ಆ ಹುಡುಗಿ. "ಸೀಟಿ ಊದ್ರಿ."

"ಸುಮ್ನ ನಿಂದ್ರು."

"ಪೂರಾ ಕತ್ತಲಾಗೈತ್ರಿ ಸರ್. ಊದ್ರಿ, ಹೋಕ್ಕೈತಿ!"

ಅವಳು ತಲೆ ಎತ್ತತೊಡಗಿದಳು. ನಾನು ಅಂಗೈಯನ್ನು ಅವಳ ಕಣ್ಣ ಮೇಲೆ ಇಟ್ಟು ಒತ್ತಿದೆ. ಅವಳು ಬಿಡಿಸಿಕೊಳ್ಳಲಿಲ್ಲ. ರೆಪ್ಪೆಗಳು ಮಾತ್ರ ನನ್ನ ಅಂಗೈಗೆ ಬಡಿಯುತ್ತಿದ್ದವು, ಮುಷ್ಟಿಯೊಳಗಿನ ಚಿಟ್ಟೆಯಂತೆ. ಉಳಿದ ಎಂಟು ಮಕ್ಕಳು ಖಾಲಿ ಕಾಗದ ನೋಡುತ್ತ, ತಲೆ ಬಗ್ಗಿಸಿ ನಿಂತೇ ಇದ್ದರು. ಆಮೇಲೆ ನೆಲದ ಮೇಲೆ ನಮ್ಮ ನೆರಳು ಮೂಡಿತು. ನಾನು ಎರಡು ಸೀಟಿ ಊದಿದೆ. ತಲೆ ಎತ್ತದವರಿಗೆ ತಲೆ ಇಳಿಸಲು ಹೇಳಿದೆ!

ಈಗಲೂ ಊಟಕ್ಕೆ ಕೂತು ತುತ್ತು ಕಲಸುವಾಗ ಆ ರೆಪ್ಪೆಗಳು ಅಂಗೈಯಲ್ಲಿ ಆಡುತ್ತವೆ. ಕೈ ತಡೆಯುತ್ತದೆ. ಉಪ್ಪು ಸಾಲದೇ ಎಂದು ಹೆಂಡತಿ ಕೇಳುತ್ತಾಳೆ. ಹೌದು ಎನ್ನುತ್ತೇನೆ.

ಮಸ್ಕಿಯಲ್ಲಿ ಚಹಾದ ಹೊತ್ತಿಗೆ ಆ ಶಿಕ್ಷಕಿಯೇ ಹತ್ತಿರ ಬಂದಳು. ಸೀಟಿ ಯಾಕೆ ಊದಲಿಲ್ಲ ಎಂದು ಈಗ ಎಲ್ಲರೆದುರು ಕೇಳುತ್ತಾಳೆ ಅಂದುಕೊಂಡು ಗುಂಪಿನಿಂದ ಎರಡು ಹೆಜ್ಜೆ ಆಚೆ ಸರಿದೆ.

"ಗುರ್ತು ಸಿಕ್ತೇನ್ರಿ ಸರ್?"

"ಸಿಕ್ತವ್ವಾ."

"ಹರಳಿನಂಗ ಮಿನುಗಿತು ಅಂದ್ರೆಲ್ಲ, ಅದು ಯಾವ ಕಡೆ ಮಿನುಗಿತ್ರಿ? ಬಲಕೋ ಎಡಕೋ?" ಪೆನ್ನು ಅವಳ ಕೈಯಲ್ಲೇ ಇತ್ತು. "ಹುಡುಗರು ನೀವು ನೋಡೀರೇನು ಟೀಚರ್ ಅಂತ ಕೇಳ್ತಾರ್ರಿ. ನಾ ನೋಡಿಲ್ಲ, ನಮ್ಮ ಸರ್ ನೋಡ್ಯಾರ ಅಂತೀನಿ."

ಅವಳ ಮುಖದಲ್ಲಿ ವ್ಯಂಗ್ಯ ಹುಡುಕಿದೆ. ಇದ್ದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

"ನಾನೂ ನೋಡಿಲ್ಲವ್ವಾ," ಎಂದೆ.

"ಹಂಗಂದ್ರ?"

"ಗಡಿಯಾರ ನೋಡಾಕತ್ತಿದ್ದೆ. ಇವರಿಗೆಲ್ಲ ಹೇಳಿದ್ದು ಪುಸ್ತಕದಾಗಿನದು."

ಅವಳು ಪೆನ್ನಿಗೆ ಕ್ಯಾಪು ಹಾಕಿದಳು. "ನನ್ನ ಕಣ್ಣು ಮುಚ್ಚಿ ಹಿಡಿದ್ರೆಲ್ಲ, ಆವಾಗ ಸರ್ ಆದ್ರೂ ನೋಡಾಕತ್ತಾರ ಅಂದ್ಕೊಂಡಿದ್ದೆ," ಎಂದಳು. ಮತ್ತೆ, ತನಗೇ ಹೇಳಿಕೊಳ್ಳುವಂತೆ: "ಅಂದ್ರ, ನಮ್ಮ ಸಾಲಿಯಿಂದ ಯಾರೂ ನೋಡಿಲ್ಲ."

"ಇಲ್ಲ."

"ಈ ಸಲ ನೋಡಬೌದೇನ್ರಿ, ಒಂದ್ ಸೆಕೆಂಡು? ಬರಿಗಣ್ಣಿಂದ?"

"ಈ ಸಲ ನಮ್ಮ ಕಡೆ ಪೂರಾ ಮುಚ್ಚೂದಿಲ್ಲವ್ವಾ. ಒಂದು ಸೆಕೆಂಡೂ ನೋಡಬಾರದು."

ಅದು ಸರಿಯಾದ ಉತ್ತರವೇ. ಅವಳು ಹೂಂ ಎಂದು ತನ್ನ ಜಾಗಕ್ಕೆ ಹೋಗಿ, ಡಬ್ಬಿಗೆ ಮೊಳೆ ಹೊಡೆಯತೊಡಗಿದಳು. ಮುಂದಿನ ಪಾಠ, ಮಕ್ಕಳ ಕಣ್ಣು ಕಾಯುವುದು ಹೇಗೆ ಎನ್ನುವುದು. ಅದನ್ನು ನನ್ನಷ್ಟು ಚೆನ್ನಾಗಿ ಹೇಳುವವರು ತಾಲ್ಲೂಕಿನಲ್ಲಿ ಇಲ್ಲ ಎನ್ನುತ್ತಾರೆ.