ವೆರ್ನಾ ಹಾಕಿದ ಗಂಟುಗಳು

ವೆರ್ನಾ ಸರೆಟ್ ತನ್ನ ತಮ್ಮ ಲಾಯ್ಡ್‌ನ ದವಡೆ ಮುರಿದದ್ದು ದೋಣಿಯ ಕೊಕ್ಕೆಕೋಲಿನಿಂದ. ಅಪ್ಪ ತೀರಿಕೊಂಡ ವಾರವೇ ಅವನು ಅಪ್ಪನ ದೋಣಿ ಮಾರಿದ್ದ. ನ್ಯಾಯಾಲಯ ಅವಳನ್ನು ಜೈಲಿಗೆ ಕಳಿಸಲಿಲ್ಲ. ಎರಡು ವರ್ಷ ನಿಗಾದಲ್ಲಿಟ್ಟಿತು.

ಮೂರು ವರ್ಷದ ನಂತರ ಅವಳು ಮದುವೆಯಾದದ್ದು ಲಿನ್ವಲ್‌ನನ್ನು. ಜಮೈಕಾದಿಂದ ನಮ್ಮ ನೋವಾ ಸ್ಕೋಶಿಯಾದ ಬಂದರಿಗೆ, ಮೀನು ಕಾರ್ಖಾನೆಯ ಕೆಲಸಕ್ಕೆ ಬಂದಿದ್ದವನು. ಕೆಲಸದ ಪರವಾನಗಿ ಮುಗಿದು ಜಮೈಕಾಕ್ಕೆ ಮರಳಿದ. ಕೆನಡಾದ ಕಾನೂನಿನ ಪ್ರಕಾರ ರಕ್ತಸಂಬಂಧಿಯನ್ನು ಹೊಡೆದು ಶಿಕ್ಷೆಯಾದವರು, ಶಿಕ್ಷೆ ಮುಗಿದು ಐದು ವರ್ಷ ಕಳೆಯುವವರೆಗೆ ಗಂಡನನ್ನು ಕರೆಸಿಕೊಳ್ಳುವಂತಿಲ್ಲ. ವೆರ್ನಾ ತೀರ್ಪಿನ ದಿನದಿಂದ ಎಣಿಸಿದಳು. ಮೀನುಗಾರರ ಲೆಕ್ಕ ಅದು: ಸಮುದ್ರಕ್ಕೆ ಬೋನು ಇಳಿಸಿದ ದಿನವೇ ಮೊದಲ ದಿನ. ಸರಕಾರ ನಿಗಾ ಮುಗಿದ ದಿನದಿಂದ ಎಣಿಸಿತು. ಅರ್ಜಿ ವಾಪಸ್ಸು ಬಂತು. ಇನ್ನೂ ಎರಡು ವರ್ಷ.

ಸುದ್ದಿ ಲಾಯ್ಡ್‌ನ ಕಿವಿಗೆ ಬಿದ್ದ ಚಳಿಗಾಲದಲ್ಲೇ ಬೋನಿನ ಗುರುತಿಗೆ ಅವಳು ತೇಲಿಬಿಟ್ಟ ನೀಲಿ ಬೆಂಡುಗಳ ನಡುವೆ ಅವನ ಕಿತ್ತಳೆ ಬೆಂಡುಗಳು ತೇಲಿದವು. ಅವಳು ಲಾಬ್‌ಸ್ಟರ್ ಹಿಡಿಯುವ ಜಾಗದಲ್ಲಿ ಅವನ ಎಂಬತ್ತು ಬೋನು.

ಇದಕ್ಕೆ ಬಂದರಿನಲ್ಲಿ ಉತ್ತರವಿದೆ. ಮೊದಲು ಬೆಂಡಿನ ಕಡ್ಡಿಗೆ ಬೋನಿನ ಹಗ್ಗದಿಂದಲೇ ಎರಡು ಸುತ್ತಿನ ಗಂಟು: ತೆಗೆದುಕೊಂಡು ಹೋಗು ಎಂದರ್ಥ. ಹೋಗದಿದ್ದರೆ ಹಗ್ಗಕ್ಕೆ ಚಾಕು. ಬೋನು ಸಮುದ್ರದ ತಳದಲ್ಲೇ ಉಳಿಯುತ್ತದೆ. ಗಂಟಿಗಾಗಿ ಪೊಲೀಸರ ಬಳಿ ಹೋದವರಿಲ್ಲ; ಹಗ್ಗ ಕತ್ತರಿಸಿದ್ದು ಸಾಬೀತಾದರೆ ಮಾತ್ರ ಕೇಸು. ಲಾಯ್ಡ್ ಚಾಕುವಿಗಾಗಿ ಕಾಯುತ್ತಿದ್ದ; ದೋಣಿಗೆ ಕ್ಯಾಮೆರಾ ಕಟ್ಟಿದ್ದ.

"ಕತ್ತರಿಸಕ್ಕಾ," ಅಂದ ಬಂದರಿನ ಕಟ್ಟೆಯ ಮೇಲೆ, ಎಲ್ಲರೆದುರು. "ಕೈ ನಡುಗ್ತಾ ಇದೆಯಾ? ಭಾವನಿಗೆ ನಾನೇ ಫೋನ್ ಮಾಡಿ ಹೇಳ್ತೀನಿ, ಅಲ್ಲೇ ಬಿಸಿಲು ಕಾಯ್ಕೊಂಡಿರು ಅಂತ."

"ನಿನ್ನ ದವಡೆ ಸೊಟ್ಟಗೇ ಕೂಡಿಕೊಂಡಿದೆ ಕಣೋ," ಅಂದಳು ವೆರ್ನಾ. "ಮಾತು ಕಡಿಮೆ ಮಾಡು."

ವೆರ್ನಾಳ ವಕೀಲೆ ಅವಳನ್ನು ಮೊದಲೇ ಎಚ್ಚರಿಸಿದ್ದಳು: "ಹೊಸ ಕೇಸು ಬಿದ್ರೆ ನಿಮ್ಮ ಅರ್ಜಿ ಅಲ್ಲೇ ನಿಲ್ಲುತ್ತೆ."

ವೆರ್ನಾ ಚಾಕುವನ್ನು ಮನೆಯಲ್ಲೇ ಬಿಟ್ಟಳು. ಗಂಟು ಹಾಕಿದಳು. ಎಂಬತ್ತು ಬೆಂಡಿಗೂ, ಸಮುದ್ರಕ್ಕೆ ಇಳಿದ ಪ್ರತಿ ದಿನವೂ, ಒದ್ದೆ ಹಗ್ಗವನ್ನು ಪೂರ್ತಿ ಭಾರ ಹಾಕಿ ಬಿಗಿದು. ಜನವರಿಯಲ್ಲಿ ಆ ಗಂಟುಗಳು ಹೆಪ್ಪುಗಟ್ಟುತ್ತಿದ್ದವು. ಬೋನು ಮೇಲೆತ್ತಬೇಕಾದರೆ ಲಾಯ್ಡ್ ಕೈಗವಸು ಕಳಚಿ ಒಂದೊಂದನ್ನೇ ಬಿಡಿಸಬೇಕಿತ್ತು. ಅವನ ಬೆರಳ ತುದಿಗಳು ಒಡೆದವು. ಅವನ ಆಳು ಫೆಬ್ರವರಿಯಲ್ಲಿ ಕೆಲಸ ಬಿಟ್ಟ. "ಒಂದು ಹೊಡೆತಕ್ಕಿಂತ ಇದೇ ರುಚಿ," ಅಂದಳು ವೆರ್ನಾ ನನ್ನೆದುರು, ಮೀನಿನ ಸಾರು ಚೌಡರ್ ಕುಡಿಯುತ್ತಾ.

ಹೀಗೆ ಮೂರು ಚಳಿಗಾಲ. ಐದು ವರ್ಷದ ಅವಧಿ ತುಂಬಲು ಎರಡು, ಹೊಸ ಅರ್ಜಿ ಮುಗಿಯಲು ಇನ್ನೊಂದು. ಏಪ್ರಿಲ್‌ನಲ್ಲಿ ಲಿನ್ವಲ್ ಹ್ಯಾಲಿಫ್ಯಾಕ್ಸ್‌ನಲ್ಲಿ ವಿಮಾನ ಇಳಿದ.

ಮರುದಿನ ಬೆಳಿಗ್ಗೆ ವೆರ್ನಾ ಕಟ್ಟೆಯ ಮೇಲೆ ಕುಳಿತು ಚಾಕು ಮಸೆದಳು. ಯಾರನ್ನೂ ನೋಡಲಿಲ್ಲ. ಲಾಯ್ಡ್ ನೋಡಿದ. ಯಾರಿಗಾಗಿ ಅವಳು ಇಷ್ಟು ದಿನ ಚಾಕು ಮುಟ್ಟಿರಲಿಲ್ಲವೋ ಆ ಲಿನ್ವಲ್ ಈಗ ಅವಳ ಪಕ್ಕದಲ್ಲೇ ಕುಳಿತು ಚಹಾ ಕುಡಿಯುತ್ತಿದ್ದ. ಲಾಯ್ಡ್ ದೋಣಿ ಬಿಚ್ಚಿಕೊಂಡು ಹೋದ. ಮಧ್ಯಾಹ್ನದ ಹೊತ್ತಿಗೆ ಅವನ ಬಹುತೇಕ ಬೋನುಗಳು ಕಟ್ಟೆಯ ಮೇಲಿದ್ದವು, ಮೂರು ಸಲದ ಹೊರೆಯಾಗಿ.

ವೆರ್ನಾ ತನ್ನ ದೋಣಿಯಲ್ಲಿ ಕುಳಿತು ಎಣಿಸುತ್ತಿದ್ದಳು.

"ನಿಜಕ್ಕೂ ಕತ್ತರಿಸ್ತಿದ್ದೆಯಾ?" ಕೇಳಿದ ಲಿನ್ವಲ್. ಅವನ ಕೈ ಚಾಕುವಿನತ್ತ ಹೋಯಿತು.

"ನೀನು ಮುಟ್ಟಬೇಡ. ನಿನ್ನ ಕಾಗದ ಇನ್ನೂ ಹೊಸದು." ಅವಳು ಚಾಕುವನ್ನು ತನ್ನ ಬೂಟಿಗೆ ಸೇರಿಸಿದಳು. "ಅವನ ಬೋನು ಇನ್ನೂ ನಾಲ್ಕು ಬಾಕಿ ಇವೆ. ಕತ್ತಲಾಗೋವರೆಗೂ ಟೈಮ್ ಕೊಟ್ಟಿದೀನಿ."