ಸರಸ್ವತಮ್ಮನ ಕೊರಿಯಾ ಹುಡುಗಿಯರು

ಬೆಳಿಗ್ಗೆ ದೇವರ ದೀಪ ಹಚ್ಚಿದ ಕೂಡಲೇ ಫೋನು ತೆಗೆದು ತಮ್ಮ ಮೆಚ್ಚಿನ ಐವರು ಕೊರಿಯಾ ಹುಡುಗಿಯರ ತಂಡದ ಹಾಡು ಹಾಕುವುದನ್ನು ವೈಯಾಲಿಕಾವಲ್‌ನ ಸರಸ್ವತಮ್ಮ ಒಂದು ದಿನವೂ ತಪ್ಪಿಸಿದವರಲ್ಲ. ಸರ್ಕಾರಿ ಕಚೇರಿಯಿಂದ ನಿವೃತ್ತರಾದ ಅವರಿಗೆ ಆ ಭಾಷೆಯ ಒಂದಕ್ಷರವೂ ಬಾರದು. ಆದರೂ ಪಲ್ಲವಿ ಬಂದರೆ ಒಗ್ಗರಣೆ ಸೌಟು ತಾನಾಗಿ ತಾಳ ಹಾಕುತ್ತದೆ. ಸದ್ದಡಗಿಸಿ ಹಾಕಿದರೆ ಹಾಡು ಎಷ್ಟು ಸಲ ಕೇಳಿದರೆಂಬ ಲೆಕ್ಕಕ್ಕೆ ಬಾರದೆಂದು ತಂಡದ ಅಭಿಮಾನಿ ಬಳಗದವರು ಹೇಳಿದ ಮೇಲಂತೂ ಬೀದಿಯ ತರಕಾರಿ ಗಾಡಿಯವನಿಗೂ ಆ ಹಾಡು ಬಾಯಿಪಾಠ. "ಹೊರದೇಶದವರು ಕೇಳೋದು ಕಮ್ಮಿಯಾದ್ರೆ ಈ ವರ್ಷಾನೇ ತಂಡ ಮುಚ್ತಾರಂತೆ ಕಣ್ರೀ" ಎಂದು ಮನೆಗೆ ಬಂದವರ ಫೋನಿನಲ್ಲೂ ಹಾಡು ಹಾಕಿಸಿಯೇ ಕಾಫಿ ಕೊಡುತ್ತಾರೆ. ಐವರಲ್ಲಿ ಅವರ ಓಟು ಮಾತ್ರ ಹಿಂದೆ ನಿಲ್ಲುವ ಮಿಸೊಲ್‌ಗೆ. ಇಡೀ ಹಾಡಿನಲ್ಲಿ ಅವಳ ಪಾಲಿಗೆ ಒಂದೇ ಸಾಲು. ಭಜನಾ ಮಂಡಳಿಯಲ್ಲಿ ಸರಸ್ವತಮ್ಮನೂ ಯಾವಾಗಲೂ ಹಿಂದೆ ಕೂತವರೇ. ಮೈಕು ಅವರ ತನಕ ಬಂದದ್ದೇ ಇಲ್ಲ. ಮಿಸೊಲ್‌ಳ ಸಾಲು ಬಂದಾಗ ಒಲೆ ಸಣ್ಣಗೆ ಮಾಡಿ, ಸುಮ್ಮನೆ ನಿಂತು ಕೇಳುತ್ತಾರೆ. ಮೊನ್ನೆ ಪಕ್ಕದ ಮನೆಯ ರಂಜಿನಿ, "ಆಂಟಿ, ನನ್ನ ಹಳೇ ಫೋನಲ್ಲಿ ಹಗಲೂ ರಾತ್ರಿ ತಾನಾಗೇ ಹಾಡ್ತಿರೋ ಹಾಗೆ ಮಾಡ್ಕೊಡ್ಲಾ? ರೂಮಲ್ಲಿಟ್ಟು ಬಾಗಿಲು ಹಾಕ್ಬಿಡಿ, ಲೆಕ್ಕ ಏರ್ತಾನೇ ಇರುತ್ತೆ, ನೀವು ಆರಾಮಾಗಿರ್ಬೋದು" ಎಂದಳು. ಸರಸ್ವತಮ್ಮ ನಕ್ಕು ತಲೆಯಾಡಿಸಿದರು. "ಬೇಡ ಕಣೇ ತಾಯಿ. ಖಾಲಿ ರೂಮಲ್ಲಿ ಆ ಮಗು ಯಾರಿಗೋಸ್ಕರ ಹಾಡ್ಬೇಕು?"