ಆಡಿದವಳ ಪಾಲು

ಆಂಧ್ರಕ್ಕೆ ಸೇರಿದ ಗಡಿಯೂರು ರಾಯದುರ್ಗದ ಒಂದು ಖಾಸಗಿ ಡಿಗ್ರಿ ಕಾಲೇಜಿನಲ್ಲಿ ನಾನು ಇತಿಹಾಸದ ಮೇಡಂ. ಕಬಡ್ಡಿಯ ಗಂಧಗಾಳಿ ಗೊತ್ತಿಲ್ಲ. ಆದರೆ ಹುಡುಗಿಯರ ತಂಡ ಹೊರಗೆ ಆಡಲು ಹೋದರೆ ಜೊತೆಗೊಬ್ಬ ಹೆಂಗಸು ಇರಬೇಕಲ್ಲ? ಉಳಿದ ಮೇಡಂಗಳೆಲ್ಲ ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆಂದು ಜಾರಿಕೊಂಡರು. ನನ್ನ ಮಗ ಬೇಗ ದೊಡ್ಡವನಾಗಿದ್ದೇ ತಪ್ಪಾಯಿತು. ನಾನು ಮಡಕಶಿರಾ ಕಡೆಯವಳು. ನನ್ನ ಮಾತು ಕೇಳಿದರೆ ಈ ಹುಡುಗಿಯರಿಗೆ ನಗು. "ಯಾಕೆ" ಅಂದರೆ ಸಾಕು, "ಯಾಕೆ ಅಲ್ರಿ ಮೇಡಂ, ಯಾಕ" ಎಂದು ನನ್ನನ್ನೇ ತಿದ್ದುತ್ತಿದ್ದರು.

ತಂಡದ ಜೀವವೆಂದರೆ ಒಬ್ಬಳು ಹುಡುಗಿ. ಎದುರಿನವರ ಅಂಕಣಕ್ಕೆ ನುಗ್ಗಿದರೆ ಬರಿಗೈಯಲ್ಲಿ ಬಂದವಳಲ್ಲ. ಊರು ಭೈರವಾನಿತಿಪ್ಪದ ಹತ್ತಿರ. ತಾಯಿ ಮಗಳು ರಾಯದುರ್ಗದಲ್ಲಿ ಒಂದು ಕೋಣೆ ಹಿಡಿದು, ಜೀನ್ಸ್ ಪ್ಯಾಂಟು ಹೊಲಿಯುವ ಶೆಡ್ಡಿನಲ್ಲಿ ದುಡಿಯುತ್ತಿದ್ದರು. ತಾಯಿ ಇಡೀ ದಿನ, ಮಗಳು ಕಾಲೇಜು ಬಿಟ್ಟ ಮೇಲೆ. ಅಲ್ಲಿ ಹೊಲಿದಷ್ಟಕ್ಕೇ ದುಡ್ಡು. ಕಬಡ್ಡಿ ಪ್ರಾಕ್ಟೀಸೂ ಕಾಲೇಜು ಬಿಟ್ಟ ಮೇಲೆಯೇ. ಹಾಗಾಗಿ ಅವಳು ಆಡಿದ ದಿನ ಮಿಷಿನ್ ಸುಮ್ಮನೆ ಕೂತಿರುತ್ತಿತ್ತು.

ಆಡುವ ಮಕ್ಕಳಿಗೆ ಕಾಲೇಜು ಏನಾದರೂ ಕೊಡಬೇಕೆ ಎಂಬ ಮಾತು ಸ್ಟಾಫ್ ರೂಮಿನಲ್ಲಿ ಆಗಾಗ ಬರುತ್ತಿತ್ತು. ಪ್ರಿನ್ಸಿಪಾಲರದು ಒಂದೇ ಉತ್ತರ: ಆಟಕ್ಕೆ ದುಡ್ಡು ಬಂದರೆ ಆಟ ಕೆಡುತ್ತದೆ, ಟ್ರ್ಯಾಕ್ ಸೂಟು ಕೊಡುತ್ತೇವೆ, ಸರ್ಟಿಫಿಕೇಟು ಕೊಡುತ್ತೇವೆ, ಇನ್ನೇನು? ಅದು ನನಗೂ ಸರಿಯೆನಿಸುತ್ತಿತ್ತು. ಗೆಲ್ಲುವವಳಿಗೆ ಕೊಟ್ಟರೆ, ಬೆಂಚಿನ ಮೇಲೆ ಕೂತು ಚಪ್ಪಾಳೆ ತಟ್ಟುವವಳ ಗತಿಯೇನು? ಈ ಅನುಮಾನ ಇವತ್ತಿಗೂ ಪೂರ್ತಿ ಹೋಗಿಲ್ಲ.

ಆ ಚಳಿಗಾಲದಲ್ಲಿ ಗುಮ್ಮಘಟ್ಟದ ಕಡೆಯ ಒಂದು ಊರಿನಲ್ಲಿ ಪಂದ್ಯವಿತ್ತು. ಆಟೋದಲ್ಲಿ ಒಬ್ಬರ ಮೇಲೊಬ್ಬರು ಕೂತು ಹೊರಟೆವು. ಆ ಹುಡುಗಿ ನನ್ನ ಪಕ್ಕದಲ್ಲಿದ್ದಳು. ಯಾವಾಗಲೂ ಬಾಯಿ ಮುಚ್ಚದವಳು ಅವತ್ತು ಸುಮ್ಮನಿದ್ದಳು. ಏನಾಯಿತೆಂದು ಕೇಳಿದೆ.

"ಅವ್ವ ಇದೇ ಕಡೀ ಆಟ ಅಂದಾಳ್ರಿ ಮೇಡಂ. ನಾಳಿಂದ ಶೆಡ್ಡಿಗೆ ಬಾ ಅಂದಾಳ. ಆಕೀದೂ ತಪ್ಪಿಲ್ರಿ."

ಮನಸ್ಸಿಟ್ಟು ಆಡು ಎಂದೆ. ಅವಳು ಯಾವತ್ತು ಮನಸ್ಸಿಡದೆ ಆಡಿದ್ದಳು!

ಕುರಿ ಸಾಕುವ ಆ ಸೀಮೆಯಲ್ಲಿ ಗೆದ್ದವರಿಗೆ ಕಪ್ಪಿನ ಜೊತೆ ಒಂದು ಟಗರು ಕೊಡುತ್ತಾರೆ. ಆದರೆ ಅದನ್ನು ಮನೆಗೆ ಹೊಡೆದುಕೊಂಡು ಹೋಗುವ ಹಾಗಿಲ್ಲ. ಅಲ್ಲೇ ಕೊಯ್ದು, ಅಡಿಗೆ ಮಾಡಿ, ಗೆದ್ದವರು ಸೋತವರು ಊರವರು ಒಂದೇ ಸಾಲಿನಲ್ಲಿ ಕೂತು ಉಣ್ಣಬೇಕು. ನನ್ನಂಥ ಶಿವಭಕ್ತರ ಮನೆಯವರಿಗೆ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಹೀಗಾಗಿ ಟಗರಿನ ವಿಷಯದಲ್ಲಿ ನನಗೆ ಯಾವ ಸ್ವಾರ್ಥವೂ ಇರಲಿಲ್ಲ.

ಗೆದ್ದೆವು. ಗೆಲ್ಲಿಸಿದವಳು ಅವಳೇ. ಮಂಡಿ ಕೆತ್ತಿ ರಕ್ತ ಬಂದಿತ್ತು, ಅದಕ್ಕೆ ಮಣ್ಣು ಮೆತ್ತಿಕೊಂಡಿತ್ತು. ಹಣೆಗೆ ಅರಿಶಿನ ಬಳಿದ ಟಗರನ್ನು ಕರೆತಂದು ಹಗ್ಗವನ್ನು ಅವಳ ಕೈಗೆ ಕೊಟ್ಟರು. ಚಪ್ಪಾಳೆಯಾಯಿತು, ಫೋಟೋ ಆಯಿತು. ಆಮೇಲೆ ಹಗ್ಗ ವಾಪಸು ಕೊಡಬೇಕಲ್ಲ, ಕೊಡಲಿಲ್ಲ. ಮುಂಗೈಗೆ ಸುತ್ತಿಕೊಂಡು ನಿಂತಳು.

"ಇದನ್ನ ಕೊಯ್ಯಬ್ಯಾಡ್ರಿ. ನಂಗ ಕೊಡ್ರಿ. ಅವ್ವಗ ತೋರಸ್ಬೇಕು."

ಊರಿನ ಹಿರಿಯರು ಮೊದಲು ನಕ್ಕರು, ಆಮೇಲೆ ಮುಖ ಗಂಟಿಕ್ಕಿದರು. ಹಂಗ ಮಾಡಂಗಿಲ್ಲವ್ವ, ಊರಿನ ಪದ್ಧತಿ ಎಂದರು. ನಮ್ಮ ಹುಡುಗಿಯರು ನನ್ನ ಮುಖ ನೋಡಿದರು. ನಾನು ಮೈಕಿನವನ ಮುಖ ನೋಡಿದೆ. ಆಗ ಹೊಳೆಯಿತು: ಆ ಮೈಕಿನವನಿಗೆ ಬಾಡಿಗೆ ಉಂಟು, ಸೀಟಿ ಊದಿದವರಿಗೆ ಗೌರವಧನ ಉಂಟು, ಆಟೋದವನಿಗೆ ಉಂಟು, ಬಿಸಿಲಿಗೆ ಕೊಡೆ ಹಿಡಿದು ಕುರ್ಚಿಯಲ್ಲಿ ಕೂತಿದ್ದ ನನಗೂ ಭತ್ಯೆ ಉಂಟು. ಕಪ್ಪು ಪ್ರಿನ್ಸಿಪಾಲರ ಬೀರುವಿಗೆ, ಟಗರು ಊರಿನ ಹೊಟ್ಟೆಗೆ. ಮಂಡಿ ಕೆತ್ತಿಸಿಕೊಂಡವಳಿಗೆ ಏನು? ಸಿಟ್ಟು ಬಂತು. ಯಾರ ಮೇಲೆಂದು ಗೊತ್ತಾಗಲಿಲ್ಲ.

ಆ ಟಗರನ್ನು ಕೊಟ್ಟಿದ್ದ ಮನೆಯ ಅಜ್ಜಿ ಮುಂದೆ ಬಂದಳು. ಹುಡುಗಿಯ ಮುಂಗೈಯಿಂದ ಹಗ್ಗವನ್ನು ಮೆಲ್ಲಗೆ ಬಿಡಿಸಿದಳು.

"ಟಗರು ಊರಿಂದು, ಊರು ಉಣ್ಣಲಿ ಬಿಡವ್ವ. ನಮ್ಮ ಹಟ್ಟ್ಯಾಗ ಒಂದು ಗಬ್ಬದ ಕುರಿ ಐತಿ, ಅದನ್ನ ನಿನ್ನ ಹೆಸರಿಗೆ ಪಾಲಿಗೆ ಬಿಡ್ತೀನಿ. ಮೇಸೋದು ನಂದು. ಮೊದಲ್ನೇ ಮರಿ ನಿಂದು, ಎರಡ್ನೇದು ನಂದು. ಆಡಿದಾಕಿ ನೀನು, ಕುಂತು ನೋಡಿದವರು ನಾವು. ನಿನಗ ಪಾಲಿಲ್ಲಂದ್ರ ಹೆಂಗ?"

ಆ ಕಡೆ ಪಾಲಿಗೆ ಕುರಿ ಬಿಡುವುದು ಹೊಸದೇನಲ್ಲ. ಒಬ್ಬರ ಕುರಿ, ಇನ್ನೊಬ್ಬರ ದುಡಿಮೆ, ಹುಟ್ಟಿದ ಮರಿಯಲ್ಲಿ ಇಬ್ಬರಿಗೂ ಪಾಲು. ಆದರೆ ಕಬಡ್ಡಿಗೆ ಯಾರೂ ಬಿಟ್ಟಿರಲಿಲ್ಲ. ಹಿರಿಯರು ಸ್ವಲ್ಪ ಹೊತ್ತು ಗೊಣಗಿ ಒಪ್ಪಿದರು. ಹುಡುಗಿ ಹೊಟ್ಟೆ ತುಂಬ ಉಂಡಳು. ನಾನು ಬಜ್ಜಿ ತಿಂದೆ.

ಆ ಕುರಿಯ ಸುದ್ದಿಗೆ ತಾಯಿ ಕರಗಿ, ಆ ವರ್ಷ ಮುಗಿಯುವವರೆಗೆ ಆಡಲು ಬಿಟ್ಟಳು. ಕಾಲೇಜು ಇನ್ನೂ ಎರಡು ಕಪ್ಪು ಗೆದ್ದಿತು. ನಾನು ಪ್ರಿನ್ಸಿಪಾಲರ ಬಳಿ ಹೋಗಿ, ಮುಂದಿನ ವರ್ಷ ಅವಳ ಫೀಸನ್ನಾದರೂ ಬಿಡಿ, ಕಾಲೇಜಿಗೆ ಹೆಸರು ತಂದದ್ದರಲ್ಲಿ ಅವಳಿಗೂ ಪಾಲಿದೆ ಎಂದೆ. ಕುರಿಯ ಕಥೆಯನ್ನೂ ಹೇಳಿದೆ. ಅದನ್ನು ಹೇಳಬಾರದಿತ್ತು. ಕಾಲೇಜಿನಲ್ಲೂ ಕುರಿಹಟ್ಟಿ ಹಾಕೋಣವೇ ಮೇಡಂ ಎಂದು ತೆಲುಗಿನಲ್ಲಿ ಹೇಳಿ ನಕ್ಕರು. ಫೀಸು ಬಿಡಲಿಲ್ಲ. ವರ್ಷ ಮುಗಿದದ್ದೇ ಅವಳು ಆಟ ಬಿಟ್ಟು ಶೆಡ್ಡಿಗೆ ಹೋದಳು.

ಬೇಸಿಗೆ ಮುಗಿಯುತ್ತಿದ್ದಂತೆ ಬಸ್ ಸ್ಟ್ಯಾಂಡಿನ ಕಂಬಿಗಳಿಗೆ ನಮ್ಮ ಕಾಲೇಜಿನ ಫ್ಲೆಕ್ಸ್ ಕಟ್ಟಿದರು. ಅಡ್ಮಿಷನ್ ಶುರುವಾಗಿದೆಯೆಂದು ತೆಲುಗಿನಲ್ಲಿ ದಪ್ಪ ಅಕ್ಷರ. ನಡುವೆ ಕೈ ಚಾಚಿ ನುಗ್ಗುತ್ತಿರುವ ಅವಳ ಫೋಟೋ.

ಒಂದು ಸಂಜೆ ಅದರ ಮುಂದೆಯೇ ಅವಳು ನಿಂತಿದ್ದಳು. ನನ್ನನ್ನು ನೋಡಿ ಕೂಗಿ ಕರೆದಳು. ಗುಮ್ಮಘಟ್ಟದ ಆಟೋದಿಂದ ಆ ಅಜ್ಜಿ ಇಳಿಯುತ್ತಿದ್ದಳು. ಅವಳ ಕಂಕುಳಲ್ಲಿ ಒಂದು ಹೆಣ್ಣುಮರಿ, ಹಾಲು ಬಿಟ್ಟು ಮೇಯಲು ಕಲಿತದ್ದು. ಪಾಲು ಕೊಡಲು ಬಂದಿದ್ದಳು. ಹುಡುಗಿ ಮರಿಯನ್ನು ಇಳಿಸಿಕೊಂಡು ಅದರ ಕಿವಿ ಸವರಿದಳು.

ಅಜ್ಜಿ ಫ್ಲೆಕ್ಸನ್ನು ಬಹಳ ಹೊತ್ತು ನೋಡಿದಳು. "ಇದು ನೀನಲ್ಲೇನ? ಇದಕ್ಕ ಏನು ಕೊಟ್ರು?"

"ಸರ್ಟಿಫಿಕೇಟ್ ಕೊಟ್ಟಾರಜ್ಜಿ" ಎಂದಳು ಹುಡುಗಿ. ಕುಹಕವೇನೂ ಇರಲಿಲ್ಲ ಆ ಮಾತಿನಲ್ಲಿ.

"ಅದು ಮರಿ ಹಾಕತೈತೇನ?"

ಹುಡುಗಿ ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ. ನಗುತ್ತಲೇ ನಾಚಿಕೆಯಾಗಿ ತಲೆ ತಗ್ಗಿಸಿದೆ. ಕೆಳಗೆ ಮರಿ ಕಂಬಿಗೆ ಮೂತಿ ತಾಗಿಸಿ, ಫ್ಲೆಕ್ಸಿನಲ್ಲಿ ನಮ್ಮ ಕಾಲೇಜಿನ ಹೆಸರಿದ್ದ ಮೂಲೆಯನ್ನು ಜಗಿಯುತ್ತಿತ್ತು. ಆ ಕಾಲೇಜಿನ ಸಂಬಳ ತಿನ್ನುವವಳು ನಾನು, ಓಡಿಸಬೇಕಿತ್ತು. ಓಡಿಸಲಿಲ್ಲ.